ಫ್ಲ್ಯಾಕ್ಸ್‌ಮನ್ನನ ರೇಖಾಚಿತ್ರದಲ್ಲಿ ಸಾರ್ಪೆಡನ್

ಚಿತ್ರವೆಂದರೆ ಬಣ್ಣ, ನೆರಳು, ಬೆಳಕು ಎಂಬ ಭಾವನೆ ನಮ್ಮಲ್ಲಿ ರೂಢಮೂಲವಾಗಿದೆ. ಬರಿಯ ಗೆರೆಯನ್ನು ಚಿತ್ರದ ಪೂರ್ವಸಿದ್ಧತೆಯೆಂದೇ ಎಣಿಸುತ್ತೇವೆ. ಆದರೆ 18ನೆಯ ಶತಮಾನದ ಕೊನೆಯಲ್ಲಿ ಯುರೋಪಿನ ನವ-ಅಭಿಜಾತ ಪಂಥದವರ ಕೈಯಲ್ಲಿ ಗೆರೆಯೇ ಪೂರ್ಣಕಲೆಯಾಯಿತು. ಅವರಲ್ಲಿ ಅಗ್ರಗಣ್ಯನು ಆಂಗ್ಲ ಶಿಲ್ಪಿ ಜಾನ್ ಫ್ಲ್ಯಾಕ್ಸ್‌ಮನ್ (1755–1826).

ಇವನ ತಂದೆ ಪ್ಲಾಸ್ಟರಿನ ಅಚ್ಚುಪ್ರತಿಮೆಗಳನ್ನು ಮಾಡುವವನು. ಮಗನು 1775ರಿಂದ ವೆಜ್‌ವುಡ್ಡನ ಕುಂಭ ಕಾರ್ಖಾನೆಗೆ ಉಬ್ಬುಚಿತ್ರಗಳ ಮಾದರಿಗಳನ್ನು ಮಾಡಿಕೊಟ್ಟನು. ಆ ಕೆಲಸದಲ್ಲಿಯೇ ಗ್ರೀಕರ ಚಿತ್ರಿತ ಕಲಶಗಳ ಪರಿಚಯ ಅವನಿಗಾಯಿತು. ನೆರಳಿನ ಸಹಾಯವಿಲ್ಲದೆ ಕೇವಲ ಅಂಚಿನ ಗೆರೆಯಿಂದ ಮನುಷ್ಯಾಕೃತಿಯನ್ನು ನಿಲ್ಲಿಸುವ ಪಾಠ ಅಲ್ಲಿಯದು. 1787ರಲ್ಲಿ ರೋಮಿಗೆ ಹೋದನು. ಅಲ್ಲಿ ಶ್ರೀಮತಿ ಹೇರ್ ನೇಲರ್ ಎಂಬಾಕೆಯ ಕೋರಿಕೆಯಂತೆ, ಚಿತ್ರಕ್ಕೆ 15 ಷಿಲಿಂಗಿನ ದರದಲ್ಲಿ, ಹೋಮರನ ಕಾವ್ಯಗಳಿಗೆ ಚಿತ್ರ ಬರೆದನು. ತೊಮ್ಮಾಸೊ ಪಿರೋಲಿ ಕೆತ್ತಿದ ಆ ಚಿತ್ರಗಳು 1793ರಲ್ಲಿ ಹೊರಬಂದವು.

ಅವುಗಳಲ್ಲಿ ಒಂದರ ವಸ್ತು ಸಾರ್ಪೆಡನ್ನನ ಅಂತ್ಯ. ಇವನು ಲಿಸಿಯದ ದೊರೆ, ದೇವರಾಜ ಸ್ಯೂಸನ ಮಗ. ‘ಇಲಿಯಡ್’ನ 16ನೆಯ ಸರ್ಗದಲ್ಲಿ ಪೆಟ್ರೋಕ್ಲಸನೊಡನೆ ಕಾದುತ್ತಾನೆ. ಮಗನನ್ನು ಉಳಿಸಿಕೊಳ್ಳಲೇ ಎಂದು ತಂದೆ ತುಯ್ದಾಡುತ್ತಾನೆ. ಹಾಗೆ ಮಾಡಿದರೆ ಉಳಿದ ದೇವತೆಗಳೂ ತಮ್ಮ ಮಕ್ಕಳನ್ನು ಉಳಿಸಿಕೊಳ್ಳಹೊರಡುವರೆಂದು ಹೀರಾ ಎಚ್ಚರಿಸುತ್ತಾಳೆ. ಸ್ಯೂಸನು ತಲೆಬಾಗುತ್ತಾನೆ, ಮಗ ಮಡಿಯುತ್ತಾನೆ. ನಿದ್ರೆ, ಮೃತ್ಯು ಎಂಬ ಅವಳಿ ಸೋದರರು ಕಳೇಬರವನ್ನು ತಾಯ್ನಾಡಿಗೆ ಒಯ್ಯುತ್ತಾರೆ. ಬಂಧುಗಳು ಅಲ್ಲಿ ದಿಬ್ಬವನ್ನೂ ಕಂಬವನ್ನೂ ನಿಲ್ಲಿಸಬೇಕು.

ಫ್ಲ್ಯಾಕ್ಸ್‌ಮನ್ನನು ಆರಿಸಿಕೊಂಡದ್ದು ಈ ಒಯ್ಯುವ ಗಳಿಗೆಯನ್ನು. ರೆಕ್ಕೆಯುಳ್ಳ ಇಬ್ಬರ ನಡುವೆ ವೀರನ ಶರೀರ. ಕಾಳಗದ ಅಬ್ಬರವಿಲ್ಲ, ತಂದೆಯ ಗೋಳಿಲ್ಲ. ಸರ್ವಶಕ್ತನಾದ ತಂದೆಯೂ ತಡೆಯಲಾರದ ಸಾವನ್ನು ಹೇಳಲು ಈ ಮೌನಕ್ಕಿಂತ ತಕ್ಕ ಭಾಷೆ ಬೇರೊಂದಿಲ್ಲ. ಬಣ್ಣ ಬಂದಿದ್ದರೆ ರಕ್ತವೂ ಬರುತ್ತಿತ್ತು.

ಈ ಚಿತ್ರಗಳ ಬೆಲೆಯೇನೆಂಬ ಚರ್ಚೆ 1799ರಲ್ಲಿಯೇ ನಡೆಯಿತು. ಗೆರೆ ಅರ್ಧ ಹೇಳಿದರೆ ಓದುಗನ ಕಲ್ಪನೆ ಉಳಿದರ್ಧವನ್ನು ತುಂಬುತ್ತದೆಂದು ಜರ್ಮನಿಯ ವಿಮರ್ಶಕ ಶ್ಲೇಗೆಲ್ ಹೊಗಳಿದನು. ಹವ್ಯಾಸಿಗಳಿಗೆ ಸುಲಭವಾಗಿ ರುಚಿಸುವ ಕಲೆಯಿದು ಎಂಬುದು ಗಯಟೆಯ ಶಂಕೆ. ಸವಿಯಲು ಸುಲಭವಿರಬಹುದು, ಬರೆಯಲು ಸುಲಭವಲ್ಲ. ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣ ಹಿಡಿದು ಯತ್ನಿಸಿದ ಉಪಾಧ್ಯಾಯರು ಇದನ್ನು ಬಲ್ಲರು. ತಪ್ಪಿದ ಗೆರೆಯನ್ನು ಮರೆಮಾಡಲು ಅಲ್ಲಿ ನೆರಳಿಲ್ಲ.

1810ರಲ್ಲಿ ಫ್ಲ್ಯಾಕ್ಸ್‌ಮನ್ ರಾಯಲ್ ಅಕಾಡೆಮಿಯ ಪ್ರಥಮ ಶಿಲ್ಪ ಪ್ರಾಧ್ಯಾಪಕನಾದನು. ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಜೋಸಯ್ಯ ವೆಬ್ಬನ ಸ್ಮಾರಕ ಅವನದೇ ಕೃತಿ. ಅದು ಮದರಾಸು ಕೋಟೆಯ ಸೇಂಟ್ ಮೇರಿ ಚರ್ಚಿನಲ್ಲಿದೆ. ಬಾಳಿನುದ್ದಕ್ಕೂ ಅಮೃತಶಿಲೆಯನ್ನು ನಂಬಿದವನು ಅವನು. ಆದರೂ ಯುರೋಪು ಅವನನ್ನು ಅರಿತದ್ದು 15 ಷಿಲಿಂಗಿನ ಆ ಗೆರೆಗಳಿಂದ. ಕಾವ್ಯವನ್ನು ಮಕ್ಕಳಿಗೆ ಮುಟ್ಟಿಸಬೇಕಾದ ನಮಗೂ, ಎಷ್ಟು ಹೇಳಬೇಕೆಂಬುದರಷ್ಟೇ ಏನನ್ನು ಬಿಡಬೇಕೆಂಬುದೂ ವಿಚಾರಾರ್ಹ.