ಹಲವು ಯಂತ್ರಗಳಿಗೊಂದು ಹಿಡಿಕೆ

ಪರದೇಶದ ವಸ್ತುವೊಂದು ಗೋವೆಯ ಮನೆಯನ್ನು ಹೊಕ್ಕಾಗಲೆಲ್ಲ, ಅದನ್ನು ಅಲ್ಲಿಯ ವಿದ್ಯುತ್ತಿಗೂ ಅಲ್ಲಿಯ ಇತರ ಸಾಮಗ್ರಿಗಳಿಗೂ ಹೊಂದಿಸುವ ಬಗೆ ಯಾವುದೆಂಬ ಪ್ರಶ್ನೆಯೂ ಅದರ ಬೆನ್ನಿಗೇ ಒಳಗೆ ಬರುತ್ತಿದ್ದಿತು. 1955ರಲ್ಲಿ ಭಾರತ ಸರ್ಕಾರವು ಪೋರ್ಚುಗೀಸರ ಗೋವೆಯ ಮೇಲೆ ಆರ್ಥಿಕ ದಿಗ್ಬಂಧನವನ್ನು ವಿಧಿಸಿದ ಮೇಲೆ, ಕಬ್ಬಿಣದ ಅದಿರನ್ನು ಮಾರಿ ಬಂದ ಹಣದ ಬಲದಿಂದ ಆ ಪುಟ್ಟ ನಾಡು ಗಡಿಯಾರ, ರೇಡಿಯೊ, ಮದ್ಯ ಮೊದಲಾದುವನ್ನು ಯಥೇಚ್ಛವಾಗಿ ಹಡಗುಗಳಲ್ಲಿ ತರಿಸಿಕೊಂಡಿತು. ಅವುಗಳಲ್ಲೊಂದು ಪಾಲು ಕಾರವಾರ, ಬೆಳಗಾವಿಗಳ ಕಡೆಗೆ ಕಳ್ಳದಾರಿಯಲ್ಲಿ ಹರಿದು ಬಂದುದೂ ಉಂಟು. 1961ರ ಡಿಸೆಂಬರಿನಲ್ಲಿ ಗೋವೆಯು ವಿಮೋಚನೆಗೊಂಡು ಈ ಮುಕ್ತದ್ವಾರವು ಮುಚ್ಚಿಕೊಂಡರೂ, ಕೊಂಕಣಿಗರು ‘ತಾರ್ವಟಿ’ ಎಂದು ಕರೆಯುವ ನಾವಿಕರೂ ಕೊಲ್ಲಿಯ ದೇಶಗಳಲ್ಲಿ ದುಡಿಯಹೋದವರೂ ಊರಿಗೆ ಮರಳುವಾಗ ತಂದ ಪೆಟ್ಟಿಗೆಗಳಲ್ಲಿ ಅದೇ ವ್ಯಾಪಾರವು ಕಿರಿದಾಗಿ ಮುಂದುವರಿಯಿತು. ವಿಡಿಯೊ ಆಟದ ಯಂತ್ರ, ಅರ್ಥಾತ್ ಕನ್ಸೋಲು, ಇಂತಹ ಪೆಟ್ಟಿಗೆಗಳಿಗೆ ತಕ್ಕ ವಸ್ತು.

ಜಪಾನಿನ ಬಂದರಿನಲ್ಲಿ ಕೊಂಡ ಕನ್ಸೋಲು 100 ವೋಲ್ಟಿನ ವಿದ್ಯುತ್ತಿಗಾಗಿ ರಚಿತವಾದುದು. ನಮ್ಮ ಗೋಡೆಯ ಪ್ಲಗ್ಗಿನಲ್ಲಿರುವುದು 230 ವೋಲ್ಟು. ಆ ಕನ್ಸೋಲಿನ ಚಿತ್ರ ಎನ್‌ಟಿಎಸ್‌ಸಿ ಪದ್ಧತಿಯದು, ಇಲ್ಲಿಯ ದೂರದರ್ಶನ ಪೆಟ್ಟಿಗೆ ಪಾಲ್ ಪದ್ಧತಿಯದಾಗಿದ್ದಿತು. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರಿನಿಂದಲೂ ಎರಡು ಪದ್ಧತಿಗಳನ್ನೂ ಬಲ್ಲ ಟಿ.ವಿ.ಯಿಂದಲೂ ಈ ವಿಘ್ನಗಳನ್ನು ದಾಟಬಹುದಾಗಿದ್ದಿತು. ಆದರೆ ಒಂದೇ ಮನೆಯಲ್ಲಿ ಎರಡು ಮೂರು ದೇಶಗಳ, ಎರಡು ಮೂರು ಕಂಪನಿಗಳ ಯಂತ್ರಗಳು ಕೂಡಿದಾಗ, ಪ್ರತಿಯೊಂದಕ್ಕೂ ಬೇರೆ ಬೇರೆ ಹಿಡಿಕೆ ಬೇಕಾಗುವ ತೊಡಕು ಇದೆಯಷ್ಟೆ. ಅದನ್ನು ಬಿಡಿಸಿದವರ ಕಸುಬಿನ ಚರಿತ್ರೆಯೇ ಈ ಲೇಖನದ ವಸ್ತು. ಆ ಕಸುಬು ಹುಟ್ಟಿದ್ದು ಗೋವೆಯಲ್ಲಲ್ಲ. ಜಪಾನು, ಅಮೆರಿಕಗಳ ಹವ್ಯಾಸಿಗಳ ಮೇಜುಗಳ ಮೇಲೆ. ಆದರೂ ಅದರ ಸ್ವಭಾವವನ್ನು ಅರಿಯಲು ಗೋವೆಯಷ್ಟು ಉಚಿತವಾದ ನೆಲೆ ವಿರಳವೆಂದು ನನಗೆ ತೋರುತ್ತದೆ.

ಕಾಸು ಹಾಕಿ ಆಡುವ ಆರ್ಕೇಡ್ ಯಂತ್ರದ ಹಿಡಿಕೆಯನ್ನು ಬಿಚ್ಚಿ ನೋಡಿದವನಿಗೆ ಮೊದಲು ಉಂಟಾಗುವುದು ನಿರಾಶೆ. ದಂಡದ ಬುಡದ ಸುತ್ತ ನಾಲ್ಕು ದಿಕ್ಕುಗಳಿಗೆ ನಾಲ್ಕು ಮೈಕ್ರೊಸ್ವಿಚ್ಚುಗಳು, ಒಂದೊಂದು ಗುಂಡಿಯ ಕೆಳಗೆ ಒಂದೊಂದು ಸ್ವಿಚ್ಚು, ಇಷ್ಟೇ. ಬಹು ಪ್ರಸಿದ್ಧವಾದ ಸಾನ್ವಾ ಕಂಪನಿಯ ಜೆಎಲ್‌ಎಫ್ ದಂಡದಿಂದ ಹೊರಡುವುವು ಐದೇ ತಂತಿಗಳು: ದಿಕ್ಕಿಗೊಂದರಂತೆ ನಾಲ್ಕು, ಎಲ್ಲಕ್ಕೂ ಸಮಾನವಾದ ಗ್ರೌಂಡ್ ಒಂದು. 30 ಮಿಲಿಮೀಟರಿನ ಗುಂಡಿಯನ್ನು ಒತ್ತಿದೊಡನೆ ಆಯಾ ತಂತಿಯು ಗ್ರೌಂಡನ್ನು ಮುಟ್ಟುತ್ತದೆ, ಬಿಟ್ಟೊಡನೆ ಅಗಲುತ್ತದೆ. ಈ ಸರಳತೆಯನ್ನು ಕೆಡಿಸದೆ ಹೊರಕ್ಕೆ ತಂದುದು 1977ರ ಅಟಾರಿ ಯಂತ್ರ. ಅದರ ಒಂಬತ್ತು ಪಿನ್ನಿನ ಪ್ಲಗ್ಗಿನಲ್ಲಿ ನಾಲ್ಕು ದಿಕ್ಕಿಗೆ ನಾಲ್ಕು ಪಿನ್ನು, ಗುಂಡಿಗೊಂದು, ಗ್ರೌಂಡಿಗೊಂದು. ಇದರಲ್ಲಿ ಗೂಢವೆಂಬುದು ಏನೂ ಇರಲಿಲ್ಲ.

ಗೂಢವು ಬಂದದ್ದು ಮಿತವ್ಯಯದ ಬೆನ್ನುಹತ್ತಿ. ಗುಂಡಿಗಳು ಹೆಚ್ಚಿದಂತೆಲ್ಲ ತಂತಿಗಳನ್ನೂ ಹೆಚ್ಚಿಸಲೊಲ್ಲದ ನಿಂಟೆಂಡೊ ಕಂಪನಿಯು 1983ರ ಫ್ಯಾಮಿಕಾಮಿನಲ್ಲಿ, ಎಂಟು ಗುಂಡಿಗಳ ಸ್ಥಿತಿಯನ್ನು ಒಂದು ಚಿಪ್ಪಿನಲ್ಲಿ ಹಿಡಿದಿಟ್ಟು, ಯಂತ್ರವು ಕೇಳಿದಾಗ ಒಂದೇ ತಂತಿಯ ಮೇಲೆ ಒಂದರ ಹಿಂದೊಂದರಂತೆ ಕಳುಹಿಸುವ ಕ್ರಮವನ್ನು ಅನುಸರಿಸಿತು. ಸೆಗಾ ಕಂಪನಿಯ ಮೆಗಾ ಡ್ರೈವ್ ಅಟಾರಿಯ ಒಂಬತ್ತು ಪಿನ್ನಿನ ಆಕಾರವನ್ನೇ ಉಳಿಸಿಕೊಂಡರೂ, ಏಳನೆಯ ಪಿನ್ನಿನ ಮೂಲಕ ಸಂಜ್ಞೆ ಕೊಟ್ಟು ಒಂದೇ ತಂತಿಯಿಂದ ಈ ಕ್ಷಣ ಒಂದು ಗುಂಡಿಯ, ಮರುಕ್ಷಣ ಮತ್ತೊಂದರ ವಾರ್ತೆಯನ್ನು ತರಿಸಿಕೊಂಡಿತು. ನಮ್ಮ ಅಂಗಡಿಗಳಲ್ಲಿ ‘ವಿಡಿಯೊ ಗೇಮ್’ ಎಂಬ ಒಂದೇ ಹೆಸರಿನಿಂದ ಮಾರಾಟವಾದ ಫ್ಯಾಮಿಕಾಮಿನ ಅನುಕರಣೆಗಳು ಮತ್ತೆ ಅದೇ ಆಕಾರದ ಪ್ಲಗ್ಗಿನೊಳಗೆ ನಿಂಟೆಂಡೊ ಕ್ರಮವನ್ನು ತುಂಬಿದುವು. ಆಕಾರ ಒಂದೇ, ವ್ಯವಹಾರ ಮೂರು! ಚುಚ್ಚಿದರೆ ಕೂರುತ್ತದೆ, ಕೂತರೂ ಕೇಳುವುದಿಲ್ಲ. 1994ರ ಕೊನೆಗೆ ಬಂದ ಪ್ಲೇಸ್ಟೇಷನ್ನು ತನ್ನದೇ ಪ್ಲಗ್ಗನ್ನೂ, ಹಿಡಿಕೆಗೂ ಯಂತ್ರಕ್ಕೂ ನಡುವೆ ಎರಡು ಕಡೆಯ ಸಂಭಾಷಣೆಯನ್ನೂ ತಂದಿತು.

ಆರ್ಕೇಡಿನವರು ಇಷ್ಟರಲ್ಲಿ ವಿವೇಕದ ದಾರಿಯನ್ನು ಹಿಡಿದಿದ್ದರು. 1980ರ ದಶಕದ ನಡುವೆ ರೂಪುಗೊಂಡ ಜಾಮಾ ಎಂಬ ಜಪಾನೀ ಪ್ರಮಾಣದ ಪ್ರಕಾರ, 56 ಸಂಪರ್ಕಗಳ ಒಂದೇ ಜೋಡಣೆಗೆ ಯಾವ ಆಟದ ಸರ್ಕ್ಯೂಟ್ ಹಲಗೆಯನ್ನಾದರೂ ಸಿಕ್ಕಿಸಬಹುದಾಗಿದ್ದಿತು. 1991ರ ‘ಸ್ಟ್ರೀಟ್ ಫೈಟರ್ 2’ ಆಟಗಾರನೊಬ್ಬನಿಗೆ ಆರು ಗುಂಡಿಗಳನ್ನು ಬಯಸಿದಾಗ ಆ ಜೋಡಣೆಯು ಸಾಲದೆ ಹೋಗಿ, ಒದೆತದ ಗುಂಡಿಗಳಿಗೆಂದು ಬೇರೊಂದು ತಂತಿಯ ಕಟ್ಟನ್ನು ಸೇರಿಸಬೇಕಾಯಿತು. ಆ ಆಟವನ್ನು ಮನೆಯಲ್ಲಿ ಆರ್ಕೇಡಿನ ದಂಡದಿಂದಲೇ ಆಡಬೇಕೆಂಬ ಹಂಬಲವು ಮುಂದಿನ ಕಸುಬಿಗೆಲ್ಲ ಮೂಲವೆನ್ನಬಹುದು.

ಗೋವೆಯಲ್ಲಿ ಆರ್ಕೇಡಿನ ಅದೃಷ್ಟವು ಬೇರೊಂದು ತಿರುವನ್ನು ಪಡೆಯಿತು. 1976ರ ಜೂಜು ನಿಷೇಧದ ಕಾಯಿದೆಗೆ 1992ರಲ್ಲಿ ಆದ ತಿದ್ದುಪಡಿಯು ಪಂಚತಾರಾ ಹೋಟೆಲುಗಳಲ್ಲಿ ಎಲೆಕ್ಟ್ರಾನಿಕ್ ವಿನೋದದ ಯಂತ್ರಗಳಿಗೂ ಸ್ಲಾಟ್ ಯಂತ್ರಗಳಿಗೂ ಒಂದೇ ಉಸಿರಿನಲ್ಲಿ ಅನುಮತಿಯನ್ನು ಕೊಟ್ಟಿತು. ನಾಲ್ಕು ವರ್ಷಗಳ ತರುವಾಯ ನೀರಿನ ಮೇಲಿನ ಹಡಗುಗಳಿಗೂ ಜೂಜಿನ ಮೇಜುಗಳು ಬಂದುವು. ಸ್ವಿಚ್ಚಿನ ಮೇಲೆ ಬೆರಳೂರುವ ಕ್ರಿಯೆ ಎರಡರಲ್ಲಿಯೂ ಒಂದೇ ಆದರೂ, ಒಂದರಲ್ಲಿ ಬೆರಳಿಗೆ ಅಭ್ಯಾಸದಿಂದ ಬಂದ ಕೌಶಲವು ಬೇಕು, ಮತ್ತೊಂದರಲ್ಲಿ ಬೇಕಿಲ್ಲ. ಶಾಸನಕರ್ತರು ಈ ಭೇದವನ್ನು ಗಣಿಸದೆ ಹೋದುದು ನನಗೆ ಸ್ವಲ್ಪ ವಿಷಾದವನ್ನೇ ಉಂಟುಮಾಡುತ್ತದೆ.

ತಂತಿ ಜೋಡಿಸುವವರ ಮೊದಲನೆಯ ಉಪಾಯವು ಒರಟಾದುದು: ಕಂಪನಿಯ ಸ್ವಂತ ಹಿಡಿಕೆಯಾದ ಪ್ಯಾಡನ್ನು ಒಡೆದು, ಅದರೊಳಗಿನ ಹಲಗೆಯ ತಾಮ್ರದ ಗೆರೆಗಳನ್ನು ಕೆರೆದು, ಸೋಲ್ಡರಿನಿಂದ ತಂತಿಗಳನ್ನು ಅಂಟಿಸಿ, ಅವನ್ನು ಆರ್ಕೇಡಿನ ಗುಂಡಿಗಳಿಗೆ ಒಯ್ಯುವುದು. ಎರಡು ಯಂತ್ರಗಳಿಗೆ ಬೇಕಾದರೆ ಎರಡು ಪ್ಯಾಡುಗಳನ್ನು ಒಡೆದು ಒಂದೇ ಗುಂಡಿಗೆ ಕೂಡಿಸುತ್ತಿದ್ದರು. ಆಗ ಎರಡು ಹಲಗೆಗಳ ಗ್ರೌಂಡೂ ಒಂದಾಗಿರಬೇಕು, ವಿದ್ಯುತ್ತು ಎರಡಕ್ಕೂ ಸೇರಬೇಕು. ಇಲ್ಲವಾದರೆ ಮಲಗಿರುವ ಹಲಗೆಯು ಎಚ್ಚರವಾಗಿರುವ ಹಲಗೆಯಿಂದ ವಿದ್ಯುತ್ತನ್ನು ಹೀರಿ, ಒತ್ತದ ಗುಂಡಿಯನ್ನು ಒತ್ತಿದಂತೆ ತೋರಿಸುತ್ತದೆ.

ಎರಡನೆಯ ಉಪಾಯಕ್ಕೆ ಗೋವೆಯ ಚರಿತ್ರೆಯಲ್ಲಿಯೇ ಒಂದು ಹಿರಿಯ ನಿದರ್ಶನವುಂಟು. 1556ರಲ್ಲಿಯೇ ಮುದ್ರಣಯಂತ್ರವು ಇಲ್ಲಿಗೆ ಬಂದಿದ್ದಿತಾದರೂ ನಾಗರಿಯ ಅಚ್ಚುಮೊಳೆಗಳು ಒದಗಲಿಲ್ಲ. ಆದುದರಿಂದ ಥಾಮಸ್ ಸ್ಟೀಫನ್ಸ್ ಎಂಬ ಆಂಗ್ಲ ಪಾದ್ರಿಯು ತನ್ನ ಮರಾಠೀ ‘ಕ್ರಿಸ್ತಪುರಾಣ’ವನ್ನು 1616ರಲ್ಲಿ ರಾಶೋಲಿನಲ್ಲಿ ರೋಮನ್ ಅಕ್ಷರಗಳಿಂದ ಅಚ್ಚುಹಾಕಿಸಿದನು. ಕೊಂಕಣಿಯಂತೂ ನಾಗರಿ, ರೋಮನ್, ಕನ್ನಡ, ಮಲಯಾಳ, ಅರಬಿ ಎಂದು ಐದು ಲಿಪಿಗಳನ್ನು ತೊಟ್ಟು ಬಾಳಿದ ಭಾಷೆ. ನುಡಿಯನ್ನು ಬದಲಿಸದೆ, ಕೇಳುವವನಿಗೆ ತಕ್ಕ ಲಿಪಿಯನ್ನು ಮಾತ್ರ ಬದಲಿಸುವುದು. ಎರಡನೆಯ ಉಪಾಯವಾಗಿ ಬಂದ ಹೊಸ ಹಲಗೆಗಳು ಮಾಡಿದ್ದೂ ಇದನ್ನೇ. 2009ರ ಸುಮಾರಿಗೆ ಅಮೆರಿಕದ ಹವ್ಯಾಸಿಯೊಬ್ಬನು ರಚಿಸಿದ ‘ಎಂ.ಸಿ. ಕ್ತುಲು’ ಎಂಬ ಹಲಗೆಯು, ತನ್ನನ್ನು ಯಾವ ಕನ್ಸೋಲಿಗೆ ಜೋಡಿಸಲಾಗಿದೆ ಎಂಬುದನ್ನು ತಾನೇ ಗುರುತಿಸಿ, ಅದರ ಕ್ರಮದಲ್ಲಿ ಉತ್ತರಿಸುತ್ತಿದ್ದಿತು. ಪೆಟ್ಟಿಗೆಯ ಹಿಂದೆ ಎಂಟು ತಂತಿಗಳ ಒಂದು ಆರ್‌ಜೆ-45 ಜ್ಯಾಕು. ನಿಂಟೆಂಡೊಗೊಂದು, ಪ್ಲೇಸ್ಟೇಷನ್ನಿಗೊಂದು, ಸೆಗಾಗೊಂದು ಎಂದು ಬದಲಿಸಬೇಕಾದುದು ಕೇಬಲನ್ನು ಮಾತ್ರ. ಕಂಪ್ಯೂಟರ್ ಜಾಲಗಳಲ್ಲಿ ಬಳಕೆಯಾಗುವ ಈ ಜ್ಯಾಕನ್ನು ಹವ್ಯಾಸಿಗಳು ಆರಿಸಿಕೊಂಡುದು ಅದು ಅಗ್ಗವೂ ಸುಲಭವಾಗಿ ದೊರೆಯುವುದೂ ಆದ ಕಾರಣ. ಡಿ-ಲಿಂಕ್, ಸ್ಮಾರ್ಟ್‌ಲಿಂಕ್ ಕಂಪನಿಗಳು ಜಾಲಸಾಧನಗಳ ಉದ್ಯಮವನ್ನು ಬೆಳೆಸಿದ ವೆರ್ಣಾ ಇರುವ ಗೋವೆಗೆ ಅದೊಂದು ಅಪರಿಚಿತ ವಸ್ತುವಲ್ಲ.

ಅಲ್ಲಿಂದ ಮುಂದಿನ ವಿಘ್ನವು ಬುದ್ಧಿಪೂರ್ವಕವಾಗಿ ಒಡ್ಡಿದುದು. 2006ರಲ್ಲಿ ಭಾರತಕ್ಕೆ ಬಂದ ಎಕ್ಸ್‌ಬಾಕ್ಸ್ 360 ಹಿಡಿಕೆಯಿಂದ ರಹಸ್ಯ ಚಿಪ್ಪಿನ ಸಾಕ್ಷ್ಯವನ್ನು ಕೇಳುತ್ತಿದ್ದಿತು. ಪ್ಲೇಸ್ಟೇಷನ್ 4 ಅನಧಿಕೃತ ಹಿಡಿಕೆಯನ್ನು ಎಂಟು ನಿಮಿಷ ಸಹಿಸಿ, ಆಮೇಲೆ ತಿರಸ್ಕರಿಸುತ್ತಿದ್ದಿತು. ಫ್ಯಾಮಿಕಾಮಿನ ಗೂಢಕ್ಕೆ ತಂತಿಯನ್ನು ಉಳಿಸುವ ನೆವವಾದರೂ ಇದ್ದಿತು. ಇದಕ್ಕೆ ವ್ಯಾಪಾರವಲ್ಲದೆ ಬೇರೆ ನೆವವನ್ನು ನಾನು ಕಾಣೆ. ತೈವಾನಿನ ಬ್ರೂಕ್ ಕಂಪನಿಯ ಹಲಗೆಗಳೂ, ರಾಸ್ಪ್‌ಬೆರಿ ಪೈ ಪಿಕೊ ಎಂಬ ಅಗ್ಗದ ಹಲಗೆಯ ಮೇಲೆ ಓಡುವ, ಯಾರು ಬೇಕಾದರೂ ತಿದ್ದಬಹುದಾದ ಜಿಪಿ2040 ಎಂಬ ತಂತ್ರಾಂಶವೂ ಈಗ ಈ ಕೆಲಸವನ್ನು ಬಹುಮಟ್ಟಿಗೆ ಹಗುರಗೊಳಿಸಿವೆ.

ಹಗುರಾಗದೆ ಉಳಿದಿರುವುದು ಹವೆ. ಮಳೆಗಾಲದ ತೇವವೂ ಕಡಲ ಉಪ್ಪೂ ಕೂಡಿದ ಗಾಳಿಯು, ಗುಂಡಿಯ ಕಾಲಿಗೆ ಸಿಕ್ಕಿಸುವ 2.8 ಮಿಲಿಮೀಟರಿನ ಟರ್ಮಿನಲ್ಲುಗಳನ್ನು ಬೇಗನೆ ಮಂಕುಗೊಳಿಸುತ್ತದೆ. ಗ್ರೌಂಡ್ ತಂತಿಯು ಒಂದು ಗುಂಡಿಯಿಂದ ಮುಂದಿನದಕ್ಕೆ ಸರಣಿಯಾಗಿ ಸಾಗುವುದರಿಂದ ನಡುವೆ ಒಂದು ಟರ್ಮಿನಲ್ಲು ಸಡಿಲಿದರೆ ಅದರಾಚೆಯ ಗುಂಡಿಗಳೆಲ್ಲ ಒಮ್ಮೆಲೆ ಸುಮ್ಮನಾಗುತ್ತವೆ; ಆದಕಾರಣ ಬಲ್ಲವರು ಆ ಸರಣಿಯ ಕೊನೆಯನ್ನು ಹಾಗೆಯೇ ಬಿಡದೆ, ಇನ್ನೊಂದು ತಂತಿಯಿಂದ ಹಲಗೆಯ ಗ್ರೌಂಡಿಗೇ ಮರಳಿ ತಂದು ಕೂಡಿಸುತ್ತಾರೆ.