ಬಾಲ್ಯದ ಪೆಟ್ಟನ್ನು ಅಳೆದವರು

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಯಾವುದೇ ಮದುವೆಮನೆಯಲ್ಲಿ ಅರವತ್ತು ದಾಟಿದ ನಾಲ್ವರು ಕವಳ ಹಾಕಲು ಕುಳಿತರೆ ಶಾಲೆಯ ಪೆಟ್ಟಿನ ಮಾತು ಬಂದೇ ಬರುತ್ತದೆ. ನಾಗರಬೆತ್ತದ ಏಟು, ಕಿವಿ ಹಿಂಡಿ ಬೆಂಚಿನ ಮೇಲೆ ನಿಲ್ಲಿಸಿದ್ದು, ಅದಕ್ಕೂ ಹಿಂದೆ ಅಜ್ಜನ ಕಾಲದ ಕೂಲಿಮಠದಲ್ಲಿ ಐಗಳು ಹಾಕಿಸುತ್ತಿದ್ದ ಕೋದಂಡ, ಅಂದರೆ ಜಂತಿಯ ಹಗ್ಗಕ್ಕೆ ಹುಡುಗನನ್ನು ಜೋತುಬೀಳಿಸುವ ಶಿಕ್ಷೆ. ಮಾತು ಕೊನೆಗೆ ಬಂದು ನಿಲ್ಲುವುದು ಒಂದೇ ಕಡೆ: ‘ಅಷ್ಟು ಪೆಟ್ಟು ತಿಂದಿದ್ದಕ್ಕೇ ನಾವು ಮನುಷ್ಯರಾದದ್ದು.’

ನಾನೂ ವರ್ಷಗಟ್ಟಲೆ ಈ ಮಾತಿಗೆ ತಲೆಯಾಡಿಸಿದವನೇ. ಆದರೆ ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಯೊಬ್ಬ ಇಂಥ ದತ್ತಾಂಶ ತಂದಿದ್ದರೆ ವಾಪಸು ಕಳಿಸುತ್ತಿದ್ದೆ. ಪೆಟ್ಟಿಗೆ ಹೆದರಿ ನಾಲ್ಕನೆಯ ತರಗತಿಗೇ ಶಾಲೆ ಬಿಟ್ಟವನು ಆ ಕವಳದ ತಟ್ಟೆಯ ಸುತ್ತ ಕುಳಿತಿರುವುದಿಲ್ಲ. ಉಳಿದವರನ್ನು ಮಾತ್ರ ಎಣಿಸಿ ಫಲಿತಾಂಶ ಹೇಳುವಂತಿಲ್ಲ. ಬಾಲ್ಯದಲ್ಲಿ ಆದ ಹಿಂಸೆ, ಅಲಕ್ಷ್ಯ ಮುಂದಿನ ಬೆಳವಣಿಗೆಯನ್ನು ಹೇಗೆ ಬದಲಿಸುತ್ತದೆ ಎಂಬುದನ್ನು ವಿಜ್ಞಾನ ಅಳೆಯಲು ಕಲಿತ ಕಥೆಯಲ್ಲಿ ಈ ತೊಡಕು ಮತ್ತೆ ಮತ್ತೆ ಬರುತ್ತದೆ.

ಕಥೆಯ ಮೊದಲ ಗಟ್ಟಿ ಸಾಕ್ಷ್ಯ ಒದಗಿದ್ದು ಮನೋವಿಜ್ಞಾನದಿಂದಲ್ಲ, ಭೌತವಿಜ್ಞಾನದಿಂದ ಎಂಬುದು ನನಗೆ ಕುತೂಹಲದ ಸಂಗತಿ. ರಾಂಟ್ಜನ್ 1895ರಲ್ಲಿ ಕ್ಷ-ಕಿರಣಗಳನ್ನು ಕಂಡುಹಿಡಿದ. ಅರ್ಧ ಶತಮಾನದ ಬಳಿಕ, 1946ರಲ್ಲಿ, ನ್ಯೂಯಾರ್ಕಿನ ಮಕ್ಕಳ ಕ್ಷ-ಕಿರಣ ತಜ್ಞ ಜಾನ್ ಕ್ಯಾಫಿ ಆರು ಶಿಶುಗಳ ಚಿತ್ರಗಳನ್ನು ಒಟ್ಟಿಗೆ ಇಟ್ಟು ಒಂದು ಪ್ರಬಂಧ ಪ್ರಕಟಿಸಿದ. ಆ ಕೂಸುಗಳ ತಲೆಬುರುಡೆಯೊಳಗೆ ರಕ್ತಸ್ರಾವವಾಗಿತ್ತು, ಕೈಕಾಲುಗಳ ಉದ್ದ ಮೂಳೆಗಳೂ ಮುರಿದಿದ್ದವು. ಮುರಿದ ಮೂಳೆ ಕೂಡಿಕೊಳ್ಳುವಾಗ ಆ ಜಾಗದಲ್ಲಿ ಹೊಸ ಅಂಗಾಂಶ ಬೆಳೆದು, ಅದರಲ್ಲಿ ಕ್ಯಾಲ್ಸಿಯಂ ತುಂಬಿಕೊಳ್ಳುತ್ತದೆ. ಕ್ಯಾಲ್ಸಿಯಂ ಕ್ಷ-ಕಿರಣಗಳನ್ನು ಹೆಚ್ಚು ಹೀರುವುದರಿಂದ ಚಿತ್ರದಲ್ಲಿ ಆ ಭಾಗ ಬೆಳ್ಳಗೆ ಕಾಣುತ್ತದೆ. ಹಾಗಾಗಿ ಯಾವ ಮುರಿತ ಹೊಸದು, ಯಾವುದು ವಾರಗಳಷ್ಟು ಹಳೆಯದು ಎಂದು ಹೇಳಬಹುದು. ಒಂದೇ ಮಗುವಿನಲ್ಲಿ ಬೇರೆ ಬೇರೆ ವಯಸ್ಸಿನ ಮುರಿತಗಳು! ತೊಟ್ಟಿಲಿನಿಂದ ಒಮ್ಮೆ ಬಿದ್ದರೆ ಹೀಗಾಗದು. ಮನೆಯವರು ಮಾತ್ರ ಯಾವ ಪೆಟ್ಟೂ ಬಿದ್ದಿಲ್ಲವೆಂದರು. ಕ್ಯಾಫಿ ಕೂಡ ತಂದೆತಾಯಿಯರತ್ತ ನೇರವಾಗಿ ಬೆರಳು ಮಾಡಲಿಲ್ಲ. ಆ ಮಾತು ಜೋರಾಗಿ ಕೇಳಿಸಿದ್ದು 1962ರಲ್ಲಿ, ಹೆನ್ರಿ ಕೆಂಪ್ ಮತ್ತು ಸಂಗಡಿಗರ ಪ್ರಬಂಧದಿಂದ. ಅಮೆರಿಕದ 71 ಆಸ್ಪತ್ರೆಗಳಿಂದ ಅವರಿಗೆ ಇಂಥ 302 ಮಕ್ಕಳ ವಿವರ ಬಂದಿತ್ತು. 33 ಮಕ್ಕಳು ಸತ್ತಿದ್ದವು, 85 ಮಕ್ಕಳ ಮಿದುಳಿಗೆ ಶಾಶ್ವತ ಹಾನಿಯಾಗಿತ್ತು.

ಮೂಳೆ ಸಾಕ್ಷಿ ಹೇಳಿತು, ಮನಸ್ಸು ಹೇಳುವುದು ಹೇಗೆ? ಲಂಡನ್ನಿನ ಜಾನ್ ಬೌಲ್ಬಿ 1944ರಲ್ಲಿ ಕಳ್ಳತನ ಮಾಡುತ್ತಿದ್ದ 44 ಮಕ್ಕಳನ್ನು ಕಳ್ಳತನ ಮಾಡದ ಇನ್ನು 44 ಮಕ್ಕಳೊಂದಿಗೆ ಹೋಲಿಸಿದ್ದ. ಮೊದಲ ಗುಂಪಿನಲ್ಲಿ 17 ಮಕ್ಕಳು ಎಳವೆಯಲ್ಲಿ ದೀರ್ಘಕಾಲ ತಾಯಿಯಿಂದ ಅಗಲಿದ್ದವು, ಎರಡನೆಯದರಲ್ಲಿ ಇಬ್ಬರು ಮಾತ್ರ. ಇಲ್ಲೂ ಅದೇ ತೊಡಕು. ಅಗಲಿದ್ದರೂ ಕಳ್ಳರಾಗದ ಮಕ್ಕಳನ್ನು ಯಾರೂ ಹುಡುಕಿರಲಿಲ್ಲ.

ಇದನ್ನು ತಿರುಗಿಸಿ ಹಾಕಿದವಳು ಅಮೆರಿಕದ ಕ್ಯಾಥಿ ವಿಡಮ್. 1967ರಿಂದ 1971ರವರೆಗೆ ನ್ಯಾಯಾಲಯದಲ್ಲಿ ಹಿಂಸೆ ಅಥವಾ ಅಲಕ್ಷ್ಯ ದಾಖಲಾಗಿದ್ದ 908 ಮಕ್ಕಳನ್ನೂ, ಅವರಿಗೆ ವಯಸ್ಸು, ಕುಲ, ಬಡಾವಣೆಯಲ್ಲಿ ಹೊಂದುವ 667 ಮಕ್ಕಳನ್ನೂ ಆರಿಸಿ ಮುಂದೇನಾದರೆಂದು ಆಕೆ ನೋಡಿದಳು. ಫಲಿತಾಂಶ 1989ರಲ್ಲಿ ಪ್ರಕಟವಾಯಿತು. ದೊಡ್ಡವರಾದ ಮೇಲೆ ಅಪರಾಧದ ದಾಖಲೆ ಇದ್ದವರು ಮೊದಲ ಗುಂಪಿನಲ್ಲಿ ಸುಮಾರು ಶೇ. 29, ಎರಡನೆಯದರಲ್ಲಿ ಶೇ. 21. ವ್ಯತ್ಯಾಸ ನಿಜ. ಆದರೆ ಪೆಟ್ಟು ತಿಂದ ನೂರರಲ್ಲಿ ಎಪ್ಪತ್ತು ಮಂದಿ ಯಾವ ಅಪರಾಧವನ್ನೂ ದಾಖಲಿಸದೆ ಬದುಕಿದ್ದಾರೆಂಬುದೂ ಅಷ್ಟೇ ನಿಜ. ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಎನ್ನುವ ನಮ್ಮ ಗಾದೆಯನ್ನು ಮಕ್ಕಳ ಹಣೆಬರಹದಂತೆ ಓದುವ ಉಪಾಧ್ಯಾಯರು ಈ ಎರಡನೆಯ ಅಂಕಿಯನ್ನು ಗಮನಿಸಬೇಕು.

ಬಿಟ್ಟುಹೋದವರನ್ನೇ ಹುಡುಕಿಕೊಂಡು ಹೋದ ವೈದ್ಯನೊಬ್ಬನ ಕಥೆ ಇನ್ನೂ ಸ್ವಾರಸ್ಯದ್ದು. 1980ರ ದಶಕದಲ್ಲಿ ಸ್ಯಾನ್ ಡಿಯೇಗೊದಲ್ಲಿ ವಿನ್ಸೆಂಟ್ ಫೆಲಿಟಿ ಬೊಜ್ಜು ಇಳಿಸುವ ಚಿಕಿತ್ಸಾಲಯ ನಡೆಸುತ್ತಿದ್ದ. ಚೆನ್ನಾಗಿ ತೂಕ ಇಳಿಯುತ್ತಿದ್ದವರೇ ಅರ್ಧಕ್ಕೆ ಬಿಟ್ಟುಹೋಗುತ್ತಿದ್ದರು. ಏಕೆಂದು ಕೇಳುತ್ತ ಹೋದಾಗ ಅವರಲ್ಲಿ ಹಲವರು ಬಾಲ್ಯದಲ್ಲಿ ಲೈಂಗಿಕ ದೌರ್ಜನ್ಯಕ್ಕೆ ಗುರಿಯಾದವರೆಂದು ತಿಳಿಯಿತು. ಬಳಿಕ ಆತ ರಾಬರ್ಟ್ ಆಂಡಾ ಜೊತೆ ದೊಡ್ಡ ಸಮೀಕ್ಷೆಗೆ ಕೈಹಾಕಿದ. 1998ರ ಪ್ರಬಂಧದಲ್ಲಿ 9,508 ಮಂದಿಯ ಉತ್ತರಗಳಿವೆ. ಹಿಂಸೆ, ಮನೆಯಲ್ಲಿ ಕುಡಿತ, ತಾಯಿಗೆ ಹೊಡೆತ ಇಂಥ ಏಳು ಬಗೆಯ ಅನುಭವಗಳಲ್ಲಿ ನಾಲ್ಕು ಅಥವಾ ಹೆಚ್ಚು ಇದ್ದವರಲ್ಲಿ ಮದ್ಯವ್ಯಸನ, ಖಿನ್ನತೆ, ಆತ್ಮಹತ್ಯೆಯ ಯತ್ನ ಮುಂತಾದವುಗಳ ಸಂಭವ, ಏನೂ ಇಲ್ಲದವರಿಗಿಂತ 4ರಿಂದ 12 ಪಟ್ಟು ಹೆಚ್ಚಾಗಿತ್ತು.

ನಮ್ಮಲ್ಲಿ? ಮೈಸೂರಿನ ಮಹಾರಾಜ ಕಾಲೇಜಿನಲ್ಲಿ 1924ರಲ್ಲೇ ಎಂ. ವಿ. ಗೋಪಾಲಸ್ವಾಮಿ ಮನೋವಿಜ್ಞಾನ ವಿಭಾಗ ತೆರೆದಿದ್ದರು. (ಇದೇ ಮಹನೀಯರು 1935ರಲ್ಲಿ ತಮ್ಮ ಮನೆಯಿಂದಲೇ ರೇಡಿಯೊ ಪ್ರಸಾರ ಆರಂಭಿಸಿ ‘ಆಕಾಶವಾಣಿ’ ಎಂಬ ಹೆಸರು ಬಳಕೆಗೆ ತಂದವರು.) ಬೆಂಗಳೂರಿನಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಬಂತು, 1974ರಲ್ಲಿ ಅದು ನಿಮ್ಹಾನ್ಸ್ ಆಯಿತು. ಅಲ್ಲಿನ ಮಾಲವಿಕಾ ಕಪೂರ್ ಮಕ್ಕಳ ಮಾನಸಿಕ ಆರೋಗ್ಯವನ್ನು ಶಾಲೆಗೆ ಒಯ್ದು, ಉಪಾಧ್ಯಾಯರಿಗೇ ತರಬೇತಿ ಕೊಟ್ಟರು. ಶೋಭಾ ಶ್ರೀನಾಥ್ ಮತ್ತಿತರರು ಬೆಂಗಳೂರಿನ 2,064 ಮಕ್ಕಳನ್ನು ಪರೀಕ್ಷಿಸಿ 2005ರಲ್ಲಿ ವರದಿ ಕೊಟ್ಟಾಗ, ಶೇ. 12.5 ಮಕ್ಕಳಲ್ಲಿ ಒಂದಲ್ಲ ಒಂದು ಮಾನಸಿಕ ತೊಂದರೆ ಕಂಡುಬಂದಿತ್ತು. ಶಿವಮೊಗ್ಗದಲ್ಲಿದ್ದ ಮನೋವೈದ್ಯ ಡಾ. ಅಶೋಕ್ ಪೈ ಅವರ ಕಥೆಯಿಂದ ಸುರೇಶ್ ಹೆಬ್ಳೀಕರ್ 1988ರಲ್ಲಿ ‘ಕಾಡಿನ ಬೆಂಕಿ’ ಚಿತ್ರ ಮಾಡಿದರು. ಬಾಲ್ಯದಲ್ಲಿ ಬೇರಿರುವ ಮನಸ್ಸಿನ ಗಂಟನ್ನು ಕುರಿತು ನಮ್ಮ ಜಿಲ್ಲೆಯವರು ಬಾಯಿಬಿಟ್ಟು ಮಾತಾಡಿದ್ದು ಯಾವ ಪ್ರಬಂಧಕ್ಕಿಂತ ಆ ಸಿನೆಮಾ ನೋಡಿದ ಮೇಲೆಯೇ ಎಂದು ನನ್ನ ಅನಿಸಿಕೆ.

ಕೇಂದ್ರ ಸರಕಾರದ ಸಮೀಕ್ಷೆ ಬಂದದ್ದು 2007ರಲ್ಲಿ. 12,447 ಮಕ್ಕಳನ್ನು ಮಾತಾಡಿಸಲಾಗಿತ್ತು. ಪ್ರತಿ ಮೂವರಲ್ಲಿ ಇಬ್ಬರು ದೈಹಿಕ ಹಿಂಸೆ ಕಂಡಿದ್ದರು. ಆಯ್ದ 13 ರಾಜ್ಯಗಳಲ್ಲಿ ಕರ್ನಾಟಕ ಇರಲಿಲ್ಲ. ಮಲೆನಾಡಿನ ಮಗು ಆ ಲೆಕ್ಕಕ್ಕೆ ಸೇರಿಲ್ಲ. ಶಾಲೆಯಲ್ಲಿ ಹೊಡೆಯುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಂ ನಿಷೇಧಿಸಿತು. ಲೈಂಗಿಕ ದೌರ್ಜನ್ಯ ತಿಳಿದೂ ವರದಿ ಮಾಡದಿರುವುದು 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಅಪರಾಧ. ಇದು ಉಪಾಧ್ಯಾಯರಿಗೂ ಅನ್ವಯಿಸುತ್ತದೆ.

ಇನ್ನು ಉಪಕರಣದ ಪ್ರಶ್ನೆ. ಫೆಲಿಟಿಯ ಉಪಕರಣ ನೆನಪು, ವಿಡಮಳದ್ದು ಆಯಾ ಕಾಲದ ದಾಖಲೆ. ಎರಡೂ ಒಂದನ್ನೇ ಅಳೆಯುತ್ತವೆಯೇ? ಜೆಸ್ಸಿ ಬಾಲ್ಡ್‌ವಿನ್ ಮತ್ತು ಸಂಗಡಿಗರು 2019ರಲ್ಲಿ ಹಲವು ಅಧ್ಯಯನಗಳನ್ನು ಕೂಡಿಸಿ ನೋಡಿದರು. ಬಾಲ್ಯದಲ್ಲಿ ಹಿಂಸೆ ದಾಖಲಾಗಿದ್ದವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ದೊಡ್ಡವರಾದ ಮೇಲೆ ಅದನ್ನು ಹೇಳಲಿಲ್ಲ. ದೊಡ್ಡವರಾಗಿ ಹೇಳಿಕೊಂಡವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿಯದು ಬಾಲ್ಯದಲ್ಲಿ ದಾಖಲಾಗಿರಲಿಲ್ಲ. ಯಾರೋ ಸುಳ್ಳು ಹೇಳಿದರೆಂದು ಇದರ ಅರ್ಥವಲ್ಲ. ದಾಖಲೆಗೆ ಬರುವುದು ನೆರೆಯವರಿಗೆ, ಪೊಲೀಸರಿಗೆ ಕಂಡದ್ದು ಮಾತ್ರ. ನೆನಪಿನಲ್ಲಿ ಉಳಿಯುವುದು ಬೇರೆ. ಒಂದೇ ಕೋಣೆಯ ಉಷ್ಣತೆಯನ್ನೂ ತೇವಾಂಶವನ್ನೂ ಅಳೆದು ಅಂಕಿ ಹೊಂದಲಿಲ್ಲವೆಂದು ಜಗಳವಾಡಿದಂತೆ.

ಆದ್ದರಿಂದ ಮಗು ಬೆಳೆಯುತ್ತಿರುವಾಗಲೇ ಕೇಳಬೇಕು, ಮತ್ತೆ ಮತ್ತೆ ಕೇಳಬೇಕು. ನಿಮ್ಹಾನ್ಸ್‌ನ ವಿವೇಕ್ ಬೆನೆಗಲ್ ಮತ್ತು ಲಂಡನ್ನಿನ ಕಿಂಗ್ಸ್ ಕಾಲೇಜಿನವರು ಸೇರಿ ದೇಶದ ಹಲವು ಕೇಂದ್ರಗಳಲ್ಲಿ 6ರಿಂದ 23 ವರ್ಷದ ಸುಮಾರು ಒಂಬತ್ತು ಸಾವಿರ ಮಂದಿಯನ್ನು ಸೇರಿಸಿಕೊಂಡದ್ದು ಇದೇ ಉದ್ದೇಶದಿಂದ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯೂ ಅದರಲ್ಲಿದೆ. ಅಲ್ಲಿ 1997–98ರಿಂದಲೇ, ತಾಯಿ ಬಸುರಿಯಾಗಿದ್ದಾಗಿನಿಂದ, ಮಕ್ಕಳ ಬೆಳವಣಿಗೆಯನ್ನು ಅಳೆಯುತ್ತ ಬಂದಿದ್ದಾರೆ.

ಅಷ್ಟು ದೊಡ್ಡ ಏರ್ಪಾಡು ಮಲೆನಾಡಿನ ಒಂಟಿಮನೆಗಳಿಗೆ ಬರುವುದು ಕಷ್ಟ. ಆದರೂ ಇಲ್ಲಿ ಪ್ರತಿ ಶಾಲೆಯಲ್ಲಿ ಒಂದು ದಾಖಲಾತಿ ಪುಸ್ತಕವಿದೆ. ಅದರಲ್ಲಿ ಶಾಲೆ ಬಿಟ್ಟ ಮಗುವಿನ ಹೆಸರಿನ ಮುಂದೆ ಕಾರಣ ಬರೆಯುವ ಕಾಲಂ ಇರುತ್ತದೆ. ಸಾಮಾನ್ಯವಾಗಿ ಅಲ್ಲಿ ‘ಮನೆಯ ಕಾರಣ’ ಎಂದು ಬರೆದಿರುತ್ತಾರೆ.