ಮೆಕಾಲೆ ಆನರ್ಸ್ ಕಾಲೇಜು
ಮೆಕಾಲೆ ಆನರ್ಸ್ ಕಾಲೇಜು ನ್ಯೂಯಾರ್ಕ್ ನಗರದ ಸಾರ್ವಜನಿಕ ವಿಶ್ವವಿದ್ಯಾಲಯವಾದ ಸಿಟಿ ಯೂನಿವರ್ಸಿಟಿ ಆಫ್ ನ್ಯೂಯಾರ್ಕ್‌ನಲ್ಲಿ ಪ್ರತಿಭಾವಂತ ಪದವಿ ವಿದ್ಯಾರ್ಥಿಗಳಿಗಾಗಿ 2001ರಲ್ಲಿ ಆರಂಭವಾದ ಸಂಸ್ಥೆ. 2006ರಲ್ಲಿ ವಿಲಿಯಂ ಮತ್ತು ಲಿಂಡಾ ಮೆಕಾಲೆ ದಂಪತಿ 3 ಕೋಟಿ ಡಾಲರ್ ದೇಣಿಗೆ ನೀಡಿದ್ದರಿಂದ ಈ ಹೆಸರು ಬಂತು; ಭಾರತದಲ್ಲಿ ಇಂಗ್ಲಿಷ್ ಶಿಕ್ಷಣಕ್ಕೆ ಒತ್ತುಕೊಟ್ಟ ಮೆಕಾಲೆಗೂ ಇದಕ್ಕೂ ನಂಟಿಲ್ಲ.

ವಿದ್ಯಾರ್ಥಿಗಳು ಬರೂಕ್, ಹಂಟರ್, ಬ್ರೂಕ್ಲಿನ್, ಕ್ವೀನ್ಸ್ ಮೊದಲಾದ ಎಂಟು ಕಾಲೇಜುಗಳ ಪೈಕಿ ಒಂದರಲ್ಲಿ ದಾಖಲಾಗಿ, ಅಲ್ಲಿಯೇ ತಮ್ಮ ಮುಖ್ಯ ವಿಷಯ ಓದುತ್ತಾರೆ. ರಾಜ್ಯದ ನಿವಾಸಿಗಳಿಗೆ ಬೋಧನಾ ಶುಲ್ಕವಿಲ್ಲ. ವಿದೇಶ ವ್ಯಾಸಂಗ, ಇಂಟರ್ನ್‌ಶಿಪ್, ಸಂಶೋಧನೆಗಳಿಗೆ ಪ್ರತ್ಯೇಕ ನಿಧಿಯಿದೆ. ಸಂಬಳವಿಲ್ಲದ ಇಂಟರ್ನ್‌ಶಿಪ್ ಉಳ್ಳವರ ಪಾಲಾಗುವ ಊರಿನಲ್ಲಿ ಇದು ಸಣ್ಣ ಸೌಲಭ್ಯವೇನಲ್ಲ.

ಪಠ್ಯಕ್ರಮದ ವೈಶಿಷ್ಟ್ಯ ನಾಲ್ಕು ಸೆಮಿನಾರ್‌ಗಳು. ನಾಲ್ಕರ ವಸ್ತುವೂ ನ್ಯೂಯಾರ್ಕ್ ನಗರವೇ: ಅದರ ಕಲೆಗಳು, ವಲಸೆ ಬಂದ ಜನ, ವಿಜ್ಞಾನ, ಭವಿಷ್ಯದ ಯೋಜನೆ. ವಿಜ್ಞಾನ ಸೆಮಿನಾರ್‌ನ ಅಂಗವಾಗಿ ‘ಬಯೋಬ್ಲಿಟ್ಜ್’ ನಡೆಯುತ್ತದೆ. ವಿದ್ಯಾರ್ಥಿಗಳು ತಜ್ಞರೊಡನೆ ಸೆಂಟ್ರಲ್ ಪಾರ್ಕ್‌ನಂಥ ಉದ್ಯಾನಗಳಿಗೆ ಹೋಗಿ ಹಕ್ಕಿ, ಬಾವಲಿ, ಅಣಬೆ, ಹುಳುಹುಪ್ಪಟೆಗಳನ್ನು ಹಗಲಿರುಳು ಗುರುತಿಸಿ ದಾಖಲಿಸುತ್ತಾರೆ. ಆ ದತ್ತಾಂಶವೇ ಮುಂದೆ ತರಗತಿಯ ಅಧ್ಯಯನಕ್ಕೆ ಸಾಮಗ್ರಿ.

ಸಮುದಾಯ ಸೇವೆಯೂ ಪದವಿಯ ಷರತ್ತುಗಳಲ್ಲಿ ಸೇರಿದೆ. ಕಾಲೇಜಿನ ಕೇಂದ್ರ ಕಟ್ಟಡ ಮ್ಯಾನ್‌ಹಟನ್‌ನ ಪಶ್ಚಿಮ 67ನೇ ಬೀದಿಯಲ್ಲಿದೆ.